ಒಂದು ನಿಮಿಷ ಹನ್ನೆರಡು ಸೆಕೆಂಡು

ಹಟ್ಟಿಗೆ ಬರುತ್ತಿದ್ದ ಸಂಜೆ ಬಸ್ಸು ನಿಂತು ಎರಡು ತಿಂಗಳಾಗಿತ್ತು. ಕಟ್ಟಬೆಟ್ಟಿನಲ್ಲಿ ಇಳಿದವರು ಟೀ ತೋಟಗಳ ನಡುವೆ ಮೂರು ಕಿಲೋಮೀಟರ್ ಹತ್ತಿ ಮನೆ ಸೇರಬೇಕು. ದಾರಿಯಲ್ಲಿ ಕಾಡೆಮ್ಮೆಗಳು ಚೆಕ್‌ಪೋಸ್ಟ್ ಹಾಕಿಕೊಂಡಂತೆ ನಿಂತಿರುತ್ತಿದ್ದವು. ವಾಚನಾಲಯದ ಪಕ್ಕದ ಮನೆಯ ದೇವಮ್ಮ ಒಂದು ಸಂಜೆ ಅರ್ಧ ಗಂಟೆ ಸಿಲ್ವರ್ ಓಕ್ ಮರಕ್ಕೆ ಅಂಟಿಕೊಂಡು ನಿಂತು ಬಂದಿದ್ದಳು. ಡಿಪೋದ ಅಧಿಕಾರಿ, "ಒಂದನೇ ತಾರೀಖಿಂದ ಬಸ್ಸು ಬರುತ್ತೆ" ಎಂದು ಮಾತು ಕೊಟ್ಟಿದ್ದ. ಒಂದನೇ ತಾರೀಖು ದಾಟಿದ ಮೇಲೆ "ಯಾರು ಹೇಳಿದ್ದು?" ಎಂದ. ಅಧಿಕಾರಕ್ಕೆ ನಾಲಿಗೆ ಇರುತ್ತದೆ, ನೆನಪಿರುವುದಿಲ್ಲ.

ನೆನಪು ಗಿರಿಧರನ್ ಬಳಿ ಇತ್ತು. ಹಟ್ಟಿಯ ವಾಚನಾಲಯದ ಕಾರ್ಯದರ್ಶಿಯಾದ ಅವನು ಡಿಪೋಗೆ ಒಬ್ಬನೇ ಹೋಗಿ, ಅಧಿಕಾರಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದ. ಫೋನು ಆಮೇಲೆ ಚರಂಡಿಗೆ ಬಿತ್ತು. ಆದರೆ ಮಾತು ಅಷ್ಟರಲ್ಲಿ ವಾಚನಾಲಯದ ಕಂಪ್ಯೂಟರ್ ಸೇರಿತ್ತು. ಇವತ್ತು ನಾಲ್ಕು ಗಂಟೆಗೆ ಅಧಿಕಾರಿ ಬರುತ್ತಾನೆ, ವಾಚನಾಲಯದ ಮುಂದಿನ ಬಯಲಿನಲ್ಲಿ ಕೂಟ ಸೇರುತ್ತದೆ. ಹಟ್ಟಿಯ ಗೌಡ ಕಿವಿಯಾರೆ ಕೇಳದ ಮಾತು ಕೂಟಕ್ಕೆ ಮಾತೇ ಅಲ್ಲ ಎಂಬುದು ಅಲ್ಲಿನ ಕಟ್ಟಳೆ. ಗೌಡ ಹಾಲನ್ ಅವರಿಗೆ ಎಂಬತ್ತಾರು ವರ್ಷ. ಕಟ್ಟಳೆ ಉಳಿಯಲಿ ಎಂದೋ ಏನೋ, ಮೊಮ್ಮಗಳು ಸಿಂಧುಜಾ ಹೋದ ಭಾನುವಾರ ಕೂನೂರಿನಿಂದ ಹೊಸ ಕಿವಿಯಂತ್ರ ತಂದು ಹಾಕಿಹೋಗಿದ್ದಳು.

ಬೆಳಿಗ್ಗೆ ಹತ್ತಕ್ಕೆ ಗಿರಿಧರನ್ ಹೊಸ ಸ್ಪೀಕರನ್ನು ಕಂಪ್ಯೂಟರಿಗೆ ಸಿಕ್ಕಿಸಿದ.

"ಬರೀ ಒಂದು ನಿಮಿಷ ಹನ್ನೆರಡು ಸೆಕೆಂಡು, ದೇವಕ್ಕ. ಅಷ್ಟು ಕೇಳಿಸಿದರೆ ಆ ಮನುಷ್ಯ ಮುಗಿದ."

"ಅದರಾಚೆ ಏನಿದೆ?"

"ಕುರ್ಚಿ ಎಳೆಯೋ ಸದ್ದು."

ಒತ್ತಿದ. ಪರದೆಯ ಮೇಲೆ ಹಸಿರು ಪಟ್ಟಿಗಳು ಕುಣಿದವು. ಸ್ಪೀಕರು ಮಾತ್ರ ಚುನಾವಣೆ ಮುಗಿದ ಮೇಲಿನ ಅಭ್ಯರ್ಥಿಯ ಹಾಗೆ ಸುಮ್ಮನಿತ್ತು. ಹೊರಗೆ ಜಗಲಿಯ ಬಿಸಿಲಿನಲ್ಲಿ ಕೂತಿದ್ದ ಹಾಲನ್ ಬೆಚ್ಚಿ ಹಿಂದೆ ತಿರುಗಿ, "ಬರ್ಲಿ ಬಿಡು, ಯಾರು ಬೇಡ ಅಂದ್ರು?" ಎಂದರು.

"ಇದು ಲಿನಕ್ಸ್, ಅಕ್ಕ. ಯಾವ ಕಂಪನಿಗೂ ಗುಲಾಮ ಅಲ್ಲ" ಎಂದು ಗಿರಿಧರನ್ ಕಪ್ಪು ಪರದೆ ತೆರೆದು ಏನೇನೋ ಕುಟ್ಟಿದ.

"ಕಂಪನಿ ಮಾತು ಕೇಳದಿದ್ದರೆ ಸರಿ. ನಿನ್ನ ಮಾತಾದರೂ ಕೇಳಬೇಕಲ್ಲ" ಎಂದಳು ದೇವಮ್ಮ.

ಮದುವೆಗೂ ಸಾವಿಗೂ ಮೈಕ್‌ಸೆಟ್ ಕಟ್ಟುವ ಆರುಮುಗಂ ಸುದ್ದಿ ಕೇಳಿ ಬಂದ. "ತಂಬಿ, ಒಂದು ಪೆನ್‌ಡ್ರೈವಿಗೆ ಹಾಕಿಕೊಡು. ನನ್ನ ಸೆಟ್ಟಲ್ಲಿ ಹಾಕಿದರೆ ಆಚೆ ಬೆಟ್ಟಕ್ಕೂ ಕೇಳಿಸುತ್ತೆ."

ಗಿರಿಧರನ್ ಮುಖ ಸಣ್ಣದಾಯಿತು. "ಬೇಡ ಅಣ್ಣ. ಸಾಕ್ಷಿ ಕೈ ಬದಲಾಯಿಸಿದರೆ ಸಾಕ್ಷಿ ಅಲ್ಲ."

ಆರುಮುಗಂಗೆ ಸಿಟ್ಟು ಬಂತು. ಆದರೂ ಸಲಹೆ ಕೊಡದೆ ಹೋಗುವ ಜಾತಿಯವನಲ್ಲ. ಸ್ಪೀಕರಿನ ಹೊಟ್ಟೆ ಬಿಚ್ಚಿ, ನೋಡಿ, ಮತ್ತೆ ಮುಚ್ಚಿದ. ಒಂದು ಸ್ಕ್ರೂ ಕೈಯಲ್ಲೇ ಉಳಿಯಿತು. "ಇದು ಬೇಕಾಗಲ್ಲ" ಎಂದು ಜೇಬಿಗೆ ಹಾಕಿಕೊಂಡ. ಮಂಜಿಗೆ ನೆಂದಿರಬೇಕೆಂದು ದೇವಮ್ಮ ಅದನ್ನು ಮನೆಗೆ ಒಯ್ದು ಒಲೆಯ ಹತ್ತಿರ ಇಟ್ಟಳು. ವಾಪಸು ಬಂದಾಗ ಅದರ ಒಂದು ಮೂಲೆ ಹಲಸಿನ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

ಗಿರಿಧರನ್ ಸೆಟ್ಟಿಂಗ್ಸ್ ತೆರೆದು ನೋಡಿದ. ಸದ್ದು ಹೋಗುವ ದಾರಿಗಳು ಮೂರು. ಒಂದು ಮಾನಿಟರ್, ಇನ್ನೊಂದು ಈ ಸ್ಪೀಕರ್. ಮೂರನೆಯದಕ್ಕೆ ಹೆಸರಿಲ್ಲ, ಬರೀ ಅಂಕಿ ಅಕ್ಷರಗಳ ಸಾಲು. ಒಳಗಿನ ಯಾವುದೋ ಬಿಡಿಭಾಗವೆಂದು ಅದನ್ನು ಮುಟ್ಟದೆ, ಸ್ಪೀಕರಿನ ಮುಂದೆ ಗುರುತು ಹಾಕಿದ. ಸದ್ದನ್ನು ನೂರೈವತ್ತಕ್ಕೆ ಏರಿಸಿದ. ಹತ್ತು ಸಲ ಒತ್ತಿದ. ಪ್ರತಿ ಸಲವೂ ಲೆಕ್ಕ ತಪ್ಪದೆ ಒಂದು ನಿಮಿಷದೊಳಗೇ ನಿಲ್ಲಿಸಿದ.

"ಹೆತ್ತಪ್ಪನಿಗೆ ಬೆಳಗಿಂದ ಏನೋ ಆಗಿದೆ. ಗಾಳಿ ಜೊತೆ ಜಗಳ ಆಡ್ತಿದಾರೆ" ಎಂದಳು ದೇವಮ್ಮ, ಜಗಲಿಯಲ್ಲಿದ್ದ ಗೌಡಜ್ಜನನ್ನು ತೋರಿಸಿ.

"ವಯಸ್ಸು, ಅಕ್ಕ" ಎಂದ ಗಿರಿಧರನ್ ತಲೆಯೆತ್ತದೆ.

ನಾಲ್ಕಕ್ಕೆ ಬಯಲು ತುಂಬಿತು. ಆರುಮುಗಂ ನಾಲ್ಕು ಹಾರ್ನ್ ಕಟ್ಟಿ, ಮೈಕನ್ನು ಸ್ಪೀಕರಿನ ಮೂಗಿಗೆ ಹಿಡಿದು ನಿಲ್ಲಿಸಿದ್ದ. "ಸದ್ದು ಬಂದರೆ ಎಲ್ಲರಿಗೂ ಬರಲಿ." ಗಿರಿಧರನ್ ಎದೆ ಸೆಟೆಸಿ ಎದ್ದು ನಿಂತ. "ಬಸ್ಸು ನಾವು ಬೇಡುತ್ತಿರುವ ಭಿಕ್ಷೆಯಲ್ಲ, ನಮ್ಮ ಹಕ್ಕು. ಕೊಟ್ಟ ಮಾತನ್ನು ನುಂಗಿದವರು ಈಗ ಅದನ್ನು ತಮ್ಮ ದನಿಯಲ್ಲೇ ಕೇಳಲಿ" ಎಂದು ಒತ್ತಿದ.

ಪಟ್ಟಿಗಳು ಕುಣಿದವು. ನಾಲ್ಕೂ ಹಾರ್ನುಗಳು ಬಾಯಿ ತೆರೆದು ಮೌನ ಸುರಿಸಿದವು.

ಅಧಿಕಾರಿ ನಕ್ಕ. "ನಾನು ಹಾಗೆ ಹೇಳಿದ್ದನ್ನು ಈ ಕೂಟದಲ್ಲಿ ಒಬ್ಬರಾದರೂ ಕೇಳಿದ್ದೀರಾ?"

"ನಾ ಕೇಳ್ತಾ ಇದ್ದೇನೆ" ಎಂದು ಹಾಲನ್ ಕೋಲೂರಿ ಎದ್ದರು. ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ಹೇಳಿದರು: "ಅಯ್ಯಯ್ಯೋ, ನೀವು ಯಾಕೆ ಯೋಚನೆ ಮಾಡ್ತೀರಿ. ಒಂದನೇ ತಾರೀಖಿಂದ ಸಂಜೆ ಬಸ್ಸು ಕಂಡಿಪ್ಪಾ, ಖಂಡಿತ ಬರುತ್ತೆ. ಇದು ನನ್ನ ಮಾತು. ಈಗ ಎರಡು ಸಲ ಕೆಮ್ಮಿದ್ರಿ. ಆಮೇಲೆ, ಯಾರಲ್ಲಿ, ಸಾರ್‌ಗೆ ಒಂದು ಟೀ ಅಂದ್ರಿ."

ಅಧಿಕಾರಿಯ ಮುಖ ಬೇಯಿಸಿದ ಕೋಸಿನ ಹಾಗೆ ಬಾಡಿತು. ಬಾಗಿಲು ಮುಚ್ಚಿದ ಕೋಣೆಯ ಕೆಮ್ಮು ಈ ಮುದುಕರಿಗೆ ಹೇಗೆ ಗೊತ್ತು? "ನಾಳೆಯಿಂದ ಬಸ್ಸು ಬರುತ್ತೆ, ಗೌಡ್ರೇ" ಎಂದು ಕೈಮುಗಿದ.

ಬಯಲೆಲ್ಲ ಚಪ್ಪಾಳೆ. ಗಿರಿಧರನ್ ಗೆಲುವಿನ ಭಾಷಣಕ್ಕೆಂದು ಜಗಲಿ ಹತ್ತಿದ. ಕಂಪ್ಯೂಟರಿನಲ್ಲಿ ಸೆಕೆಂಡುಗಳು ಓಡುತ್ತಿರುವುದು ಅವನಿಗೆ ಮರೆತೇ ಹೋಗಿತ್ತು.

"ಸಾಕಪ್ಪ, ಬೆಳಗಿಂದ ಕಿವಿಯೊಳಗೆ ಡಿಪೋ ಕೂತಿದೆ" ಎಂದು ಹಾಲನ್ ಕಿವಿಯಂತ್ರ ಕಿತ್ತು ಅದರ ಗುಂಡಿ ಒತ್ತಿ ಆರಿಸಿದರು.

ಅಜ್ಜ ಸುದ್ದಿ ಕೇಳಲಿ ಎಂದು ಸಿಂಧುಜಾ ಭಾನುವಾರವೇ ಆ ಯಂತ್ರವನ್ನು ಬ್ಲೂಟೂತಿನಲ್ಲಿ ವಾಚನಾಲಯದ ಕಂಪ್ಯೂಟರಿಗೆ ಜೋಡಿಸಿದ್ದಳು. ಹೆಸರಿಲ್ಲದ ಮೂರನೆಯ ದಾರಿ ಗೌಡರ ಕಿವಿ. ಸ್ಪೀಕರಿಗೆ ಎಷ್ಟು ಗುರುತು ಹಾಕಿದರೂ ರೆಕಾರ್ಡಿಂಗ್ ಹಾಡಿಸುವ ಪ್ರೋಗ್ರಾಮು ಹಳೆಯ ದಾರಿಯನ್ನೇ ನೆನಪಿಟ್ಟುಕೊಂಡಿತ್ತು. ಕಿವಿ ಮುಚ್ಚಿದೊಡನೆ ಅದು ಮುಂದಿನ ಬಾಗಿಲು ಹುಡುಕಿತು. ನೂರೈವತ್ತರ ಸದ್ದಿನಲ್ಲಿ ನಾಲ್ಕು ಹಾರ್ನುಗಳೂ ಒಟ್ಟಿಗೆ ಗುಡುಗಿದವು. ದನಿ ಗಿರಿಧರನ್ನದು:

"ಬಸ್ಸು ಹಟ್ಟಿವರೆಗೆ ಬರಲೇಬೇಕಂತ ಏನಿಲ್ಲ ಸಾರ್. ಕೆಳಗೆ ನನ್ನ ಮನೆ ತಿರುವಿದೆಯಲ್ಲ, ಅಲ್ಲಿಗೆ ಬಂದು ತಿರುಗಿಸಿಕೊಂಡರೆ ಸಾಕು. ಮೇಲಿನವರಿಗೆ ನಡೆದು ಅಭ್ಯಾಸ. ಗೌಡರನ್ನ ನಾನು ಒಪ್ಪಿಸ್ತೀನಿ, ಅವರಿಗೆ ಕಿವಿ ಕೇಳಲ್ಲ."

ಆಚೆ ಬೆಟ್ಟ ಅದನ್ನು ಇನ್ನೊಂದು ಸಲ ಹೇಳಿತು.

"ಇದೇನಾ ತಮ್ಮ, ಕುರ್ಚಿ ಎಳೆಯೋ ಸದ್ದು?" ಎಂದಳು ದೇವಮ್ಮ.

ಅಧಿಕಾರಿಗೆ ಜೀವ ಬಂತು. "ಹಾಗಾದರೆ ಆ ತಿರುವಿನಲ್ಲಿ ಒಂದು ಸ್ಟಾಪ್ ಹಾಕಿಸಲಾ?"

"ಏನಂದ್ರು?" ಎಂದರು ಹಾಲನ್. ಆರುಮುಗಂ ಅವರ ಕಿವಿಗೆ ಬಾಯಿಟ್ಟು ಒಂದಕ್ಷರ ಬಿಡದೆ ಎಲ್ಲವನ್ನೂ ಒಪ್ಪಿಸಿದ. ಗೌಡರು ಗಿರಿಧರನ್ನನ್ನು ನೋಡಿದರು.

"ಬೇಡ. ಅವನಿಗೂ ಅಭ್ಯಾಸ ಆಗಲಿ."

ಮಾರನೆಯ ಸಂಜೆ ಬಸ್ಸು ಬಂತು. ಗಿರಿಧರನ್ ಕಿಟಕಿ ಪಕ್ಕದಲ್ಲೇ ಕೂತಿದ್ದ. ಬಸ್ಸು ಅವನ ಮನೆಯ ತಿರುವನ್ನು ನಿಲ್ಲದೆ ದಾಟಿ, ಮೇಲಿನ ಬಯಲಿಗೆ ಹೋಗಿ ಎಲ್ಲರನ್ನೂ ಇಳಿಸಿತು. ಅವನು ಮುಕ್ಕಾಲು ಕಿಲೋಮೀಟರ್ ಇಳಿಜಾರಿನಲ್ಲಿ ನಡೆದು ಬಂದ. ತಿರುವಿನಲ್ಲಿ, ಸರಿಯಾಗಿ ಅವನ ಬಾಗಿಲಿನೆದುರು, ಬಸ್ಸಿಗೆ ಕಾಯುವ ಹಾಗೆ ಒಂದು ಕಾಡೆಮ್ಮೆ ನಿಂತಿತ್ತು.