ಹೂದಾನಿಗೊಂದು ದೇಶ ಬೇಕಾಗಿತ್ತು

ಕೆಲವರಿಗೆ ಕೈ ನೋಡಿ ಭವಿಷ್ಯ ಹೇಳುವುದು ಬರುತ್ತದೆ, ಕೆಲವರಿಗೆ ನಾಡಿ ಹಿಡಿದು ರೋಗ ಹೇಳುವುದು ಬರುತ್ತದೆ. ನನಗೆ ಒಲಿದು ಬಂದ ವಿದ್ಯೆಯೇ ಬೇರೆ. ಪೆನ್ನು, ಸೀರೆ, ಸೋಪು, ಛತ್ರಿ, ಯಾವುದನ್ನಾದರೂ ಕೈಗೆ ಕೊಡಿ, ಅದು ಯಾವ ದೇಶದ್ದೆಂದು ಹೇಳಿಬಿಡುತ್ತಿದ್ದೆ. ಎಪ್ಪತ್ತರ ದಶಕದ ಮುಂಬಯಿಯಲ್ಲಿ ಇದು ಸಣ್ಣ ವಿದ್ಯೆಯೇನಲ್ಲ. ಆಗ ‘ಫಾರಿನ್’ ಎಂಬ ಮಾತಿಗೆ ಇದ್ದ ಮರ್ಯಾದೆ ನಮ್ಮ ಆಫೀಸಿನ ಮ್ಯಾನೇಜರಿಗೂ ಇರಲಿಲ್ಲ. ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಯಾರು ಏನು ಕೊಂಡರೂ ಮೊದಲು ನನ್ನ ಮುಂದೆ ತಂದಿಡುತ್ತಿದ್ದರು. ನಾನು ಕನ್ನಡಕ ಏರಿಸಿ, ವಸ್ತುವನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ತಟ್ಟಿ, “ಜಪಾನ್” ಎನ್ನುತ್ತಿದ್ದೆ. ಅವರು ಸಂತೋಷದಿಂದ ಹೋಗುತ್ತಿದ್ದರು. “ಇಲ್ಲಿಯದೇ” ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ನೊಂದವರನ್ನು ನೋಡಲಾರದ ಸ್ವಭಾವ ನನ್ನದು. ಆದ್ದರಿಂದ ಆ ಮಾತನ್ನು ಆದಷ್ಟು ಕಡಿಮೆ ಬಳಸುತ್ತಿದ್ದೆ.

ನನ್ನ ಹೆಂಡತಿ ನಾಗರತ್ನಳ ತಮ್ಮ ಸೀನ ಭಾಂಡುಪಿನ ಒಂದು ಗಾಜಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಔಷಧದ ಶೀಶೆ, ಉಪ್ಪಿನಕಾಯಿ ಜಾಡಿ ಮಾಡುತ್ತಾರೆಂದು ನನ್ನ ಅಂದಾಜು. ಅವನನ್ನು ಕೇಳಿದ್ದೆನೇ ಎಂದರೆ, ಇಲ್ಲ. ಶೀಶೆಯ ವಿಷಯ ಏನೆಂದು ಕೇಳುವುದು? ಆ ವರ್ಷ ದಸರೆಗೆ ಮುಂಚೆ ಸೀನ ಒಂದು ಕಾಗದದ ಪೊಟ್ಟಣ ತಂದು ಅಕ್ಕನ ಕೈಗಿಟ್ಟ. ಬಿಚ್ಚಿದರೆ ಜೇನಿನ ಬಣ್ಣದ ಗಾಜಿನ ಹೂದಾನಿ. ನಯವಾದ ಗಾಜಲ್ಲ. ಮೈತುಂಬ ಉಬ್ಬು, ತಗ್ಗು, ಬಿರುಕು, ಮರದ ತೊಗಟೆಯನ್ನೇ ಸುತ್ತಿಟ್ಟಂತೆ. ಕಿಟಕಿಯ ಬೆಳಕು ಬಿದ್ದದ್ದೇ ಆ ಬಿರುಕುಗಳೊಳಗೆಲ್ಲ ದೀಪ ಹಚ್ಚಿದ ಹಾಗಾಯಿತು. ನಾನು ತಟ್ಟಿ ನೋಡಿದೆ. ಖಣ್ ಎಂದಿತು. “ಇಟಲಿ!” ಎಂದೆ. ಇದು ಹಿಮ ಬೀಳುವ ಸೀಮೆಯ ಮರದ ತೊಗಟೆಯೆಂದೂ, ಚಳಿಗೆ ಮಾತ್ರ ಮರ ಹೀಗೆ ಸೀಳುತ್ತದೆಂದೂ ವಿವರಿಸಿದೆ. ಹಿಮವನ್ನು ನಾನು ನೋಡಿದ್ದು ಕ್ಯಾಲೆಂಡರಿನಲ್ಲಿ. ಸೀನ ಬಾಯಿ ತೆರೆದವನು, ಅಕ್ಕನ ಮುಖ ನೋಡಿ, ಸುಮ್ಮನೆ ಕಾಫಿ ಕುಡಿದ.

ನಾವು ಮೈಸೂರಿನವರು. ನವರಾತ್ರಿಯಲ್ಲಿ ಗೊಂಬೆ ಕೂರಿಸದಿದ್ದರೆ ನಮಗೆ ಊಟ ಸೇರದು. ಆದರೆ ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳ ಪಕ್ಕದಲ್ಲೇ ಇಟಲಿಯ ಹೂದಾನಿ ಕೂರಿಸಿದವರು ಇಡೀ ಮೈಸೂರು ಸೀಮೆಯವರಲ್ಲಿ ನಾವೊಬ್ಬರೇ ಇರಬೇಕು. ರಾಜ ರಾಣಿಯರ ಕಡೆ ಯಾರೂ ನೋಡಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು, ಚರುಪಿನ ತಿಂಡಿಗೆಂದೇ ಬಂದ ಗಂಡಸರು, ಎಲ್ಲರದೂ ಒಂದೇ ಪ್ರಶ್ನೆ: ಯಾವ ದೇಶದ್ದು? ಮೊದಲ ದಿನ ಇಟಲಿ ಎಂದೆ. ಮರುದಿನ ಹೆಚ್ಚು ತಿಳಿದವರೊಬ್ಬರು ಬಂದಾಗ ಇಟಲಿ ಸಪ್ಪೆಯಾಯಿತೆನ್ನಿಸಿ ಬೆಲ್ಜಿಯಂ ಎಂದೆ. ಇನ್ನೊಬ್ಬರಿಗೆ ಜೆಕೊಸ್ಲೊವಾಕಿಯಾ ಎಂದದ್ದು, ನಿಜ ಹೇಳುತ್ತೇನೆ, ಆ ಹೆಸರನ್ನು ಎಡವದೆ ಹೇಳಬಲ್ಲೆನೆಂಬ ಹೆಮ್ಮೆಗೆ.

ಹೆಂಗಸರು ನಲ್ಲಿಯ ಹತ್ತಿರ ದೇಶಗಳನ್ನು ತಾಳೆ ನೋಡಿಕೊಂಡರು. ನಾಗರತ್ನ ಬುಸುಗುಡುತ್ತ ಬಂದಳು.

“ಏನೂಂದ್ರೆ, ಒಂದು ಹೂದಾನಿಗೆ ಎಷ್ಟು ದೇಶ ಇರುತ್ತೆ? ಎದುರುಮನೆ ಮರಾಠಿ ಬಾಯಿ ನಗ್ತಾ ಇದ್ದರು. ನನ್ನ ತಮ್ಮ ಪ್ರೀತಿಯಿಂದ ತಂದದ್ದು, ಅವನ ಮಾನ ಕಳೀತಿದೀರಿ. ನಾಳೆ ಸರಸ್ವತಿ ಪೂಜೆ, ಬಿಲ್ಡಿಂಗೇ ಬರುತ್ತೆ. ಸೀನನ್ನೇ ಕೇಳಿ, ಒಂದು ದೇಶ ಗೊತ್ತುಮಾಡಿಕೊಂಡು ಬನ್ನಿ!”

ಹೀಗೆ ನಾನು ಹಾರ್ಬರ್ ಲೈನಿನಲ್ಲಿ ಕುರ್ಲಾಕ್ಕೆ ಹೋಗಿ, ಗಾಡಿ ಬದಲಿಸಿ, ಒಂದು ದೇಶವನ್ನು ಹುಡುಕಿಕೊಂಡು ಭಾಂಡುಪಿನಲ್ಲಿ ಇಳಿದೆ. ಸೀನನ ಕೋಣೆಗೆ ಅದೇ ಮೊದಲ ಸಲ ಹೋದದ್ದು. ಬಾಗಿಲಲ್ಲೇ ನಿಂತುಬಿಟ್ಟೆ. ಕಿಟಕಿಯ ಹಲಗೆಯ ಮೇಲೆ ಇಟಲಿ ಸಾಲಾಗಿ ನಿಂತಿತ್ತು! ಒಂದರ ಕತ್ತು ಸೊಟ್ಟ, ಒಂದರ ಹೊಟ್ಟೆ ಸೊಟ್ಟ, ಒಂದರಲ್ಲಿ ಹಲ್ಲುಜ್ಜುವ ಬ್ರಷ್ಷು. ಎಲ್ಲದರ ಮೈಮೇಲೂ ಅದೇ ತೊಗಟೆ.

“ಇವು ಕೆಟ್ಟುಹೋದವು ಭಾವ,” ಎಂದ ಸೀನ, ಕಳ್ಳನ ಹಾಗೆ ತಲೆ ತುರಿಸಿಕೊಳ್ಳುತ್ತ. “ಅಚ್ಚು ಸರಿಯಾದ ಮೇಲೆ ಬಂದ ಮೊದಲನೇದು ಅಕ್ಕನಿಗೆ.”

“ಅಚ್ಚು ಯಾರು ಮಾಡಿದ್ದು?”

“ನಾನೇ.”

ಕಿಟಕಿಯಾಚೆ ಒಂದು ಹುಣಸೆಮರವಿತ್ತು. ಅದರ ತೊಗಟೆಗೆ ಜೇಡಿಮಣ್ಣು ಒತ್ತಿ ಪಡಿಯಚ್ಚು ತೆಗೆದು, ಅದನ್ನು ನೋಡಿಕೊಂಡು ಕಬ್ಬಿಣದ ಅಚ್ಚಿನೊಳಗೆ ಒಂದೊಂದೇ ಬಿರುಕನ್ನು ಉಳಿಯಿಂದ ಕೊರೆದಿದ್ದನಂತೆ. ಕೆಳಗಿಳಿದು ಮರವನ್ನು ಮುಟ್ಟಿ ನೋಡಿದೆ. ನನ್ನ ಹಿಮದ ಸೀಮೆಯ ಮರ! ಅದರಲ್ಲಿ ಹುಣಸೆಕಾಯಿ ಬೇರೆ ತೂಗುತ್ತಿತ್ತು.

“ಮತ್ತೆ ಫಾರಿನ್ ಅಂತ ಯಾಕೋ ಸುಳ್ಳು ಹೇಳಿದೆ?”

“ನಾನೆಲ್ಲಿ ಹೇಳಿದೆ ಭಾವ? ಕಾಗದ ಬಿಚ್ಚುತ್ತಲೇ ನೀವೇ ಇಟಲಿ ಅಂದ್ರಿ. ಅಕ್ಕನ ಮುಖ ಎಷ್ಟಗಲ ಆಯ್ತು! ಆಮೇಲೆ ಹೇಗೆ ಭಾಂಡುಪ್ ಅನ್ನಲಿ? ಅಲ್ಲದೆ...” ಸ್ವಲ್ಪ ನಾಚಿದ. “ನಿಮ್ಮಂಥವರೇ ಇಟಲಿ ಅಂದ್ರಲ್ಲ, ನನಗೆ ರಾತ್ರಿಯೆಲ್ಲ ಖುಷಿಗೆ ನಿದ್ದೆ ಬರಲಿಲ್ಲ.”

ನಮ್ಮ ಸೀನ, ಮದುವೆಮನೆಯಲ್ಲಿ ನನ್ನ ಚಪ್ಪಲಿ ಬಚ್ಚಿಟ್ಟ ಪೋರ, ಕಬ್ಬಿಣದಲ್ಲಿ ಮರ ಕೊರೆದಿದ್ದ. ವಾಪಸು ಬರುವಾಗ ಗಾಡಿಯಲ್ಲಿ ಎದುರು ಕೂತ ಅಪರಿಚಿತನಿಗೂ ಹೇಳಬೇಕೆನ್ನಿಸಿತು. ಹೇಳಿಯೂ ಹೇಳಿದೆ. ಆತ ಘಾಟ್‌ಕೋಪರಿನಲ್ಲಿ ಇಳಿದುಹೋದ.

ಸರಸ್ವತಿ ಪೂಜೆಯ ಸಂಜೆ ಮನೆ ತುಂಬಿತ್ತು. ಮುಂಚೆಯೇ ವಿಷಯ ತಿಳಿದ ನಾಗರತ್ನ ಕಣ್ಣೊರೆಸಿಕೊಂಡು, ಹೂದಾನಿಯನ್ನು ಇನ್ನಷ್ಟು ಮುಂದಕ್ಕೆ ಸರಿಸಿಟ್ಟಿದ್ದಳು. ನಾನು ಸೀನನ ಹೆಗಲ ಮೇಲೆ ಕೈ ಹಾಕಿ, ಗಂಟಲು ಸರಿಮಾಡಿಕೊಂಡು, ಕನ್ನಡದಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಸಾರಿದೆ: ಇದು ಇಟಲಿಯದಲ್ಲ, ಬೆಲ್ಜಿಯಮ್ಮಿನದಲ್ಲ, ನಮ್ಮ ಭಾಂಡುಪಿನದು, ಇದರ ಅಚ್ಚು ಕೊರೆದವನು ಇಗೋ, ನನ್ನ ಭಾಮೈದ! ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ನಾನು ಯಾವ ದೇಶದ ಹೆಸರನ್ನೂ ಹೇಳಿರಲಿಲ್ಲ.

ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕೆಳಮನೆಯ ದಸ್ತಗೀರ್ ಸಾಹೇಬರು, ಹುಬ್ಬಳ್ಳಿ ಕಡೆಯ ಟೇಲರು, ನನ್ನನ್ನು ಮೂಲೆಗೆ ಕರೆದು ಬೆನ್ನು ತಟ್ಟಿದರು.

“ಯಾಕ್ ಅಂಜತೀರಿ ರಾಯರ? ಸ್ಮಗ್ಲಿಂಗ್ ಮಾಲಂತ ನಾವೇನ್ ಕಸ್ಟಮ್ಸ್‌ನವರಿಗೆ ಹೇಳಾಕ ಹೋಗ್ತೀವೇನ್ರಿ? ಇಂಥಾ ಮಾಲು ಭಾಂಡುಪದಾಗ ಆಗೂದಿಲ್ಲಂತ ನೀವ ಹೇಳಿಕೊಟ್ಟೀರಿ ನಮಗ!”

ಹುಣಸೆಮರದ ಕಥೆ ಹೇಳಿದೆ. ಪಡಿಯಚ್ಚಿನ ಕಥೆ ಹೇಳಿದೆ. ಸಾಹೇಬರು “ಭೇಷ್, ಯಾರರ ಕೇಳಿದ್ರ ಹಿಂಗ ಹೇಳ್ರಿ” ಎಂದು ಕೋಸಂಬರಿ ತಿಂದರು. ತಿರುಗಿ ನೋಡುತ್ತೇನೆ, ಎದುರುಮನೆ ಬಾಯಿ ಸೀನನ ಪಕ್ಕಕ್ಕೆ ಸರಿದು, ಫಾರಿನ್ ಟೇಪ್‌ರೆಕಾರ್ಡರ್ ಸಿಕ್ಕೀತೇ ಎಂದು ಗುಟ್ಟಾಗಿ ಮರಾಠಿಯಲ್ಲಿ ಕೇಳುತ್ತಿದ್ದರು: “ಭಾವೂ, ಟೇಪ್‌ರೆಕಾರ್ಡರ್ ಮಿಳೇಲ್ ಕಾ?” ಸೀನ ನನ್ನ ಕಡೆ ನೋಡಿದ. ಅಷ್ಟು ವರ್ಷಗಳಲ್ಲಿ ಆ ಬಿಲ್ಡಿಂಗಿನವರು ನಾನು ಹೇಳಿದ ದೇಶಗಳಲ್ಲಿ ನಂಬದೇ ಹೋದದ್ದು ಒಂದೇ ಒಂದನ್ನು, ಅದೂ ಸರಿಯಾಗಿ ಹೇಳಿದ್ದನ್ನು.