ಅತ್ತೆಯೂ ಹಡಗಿನ ಹಾಸಿಗೆಯೂ

ನಮ್ಮ ಸೋದರತ್ತೆಯ ಕೈಯಲ್ಲಿ ಪಾಸಾದ ಹಾಸಿಗೆ ಕಂಪ್ಲಿಯಿಂದ ಸಂಡೂರಿನವರೆಗೆ ಇನ್ನೂ ಒಂದೂ ಇಲ್ಲ. ಹತ್ತಿಯ ಗಾದಿಯಿರಲಿ, ಸ್ಪ್ರಿಂಗಿನದಿರಲಿ, ಹೊಸ ಅಳಿಯನಿಗೆಂದು ಸಾಲಂಕೃತವಾಗಿ ಹಾಸಿಟ್ಟಿದ್ದಿರಲಿ, ಇಡ್ಲಿ ಬೆಂದಿದೆಯೋ ಇಲ್ಲವೋ ಎಂದು ನೋಡುವ ಹಾಗೆ ಮೂರು ಬೆರಳಿನಿಂದ ಒಮ್ಮೆ ಒತ್ತುತ್ತಾರೆ. ಆಮೇಲೊಂದು ನಿಟ್ಟುಸಿರು.

"ಚಲೋ ಐತಿ ಬಿಡ್ರಿ. ಆದ್ರ ಹಡಗಿನ ಹಾಸಿಗಿ ಮುಂದ ಏನೂ ಅಲ್ಲ."

ಮುಗಿಯಿತು! ಆ ಮನೆಯವರಿಗೆ ಅಂದಿನಿಂದ ಸರಿಯಾಗಿ ನಿದ್ದೆ ಬರುವುದಿಲ್ಲ.

ಅತ್ತೆ ಹಡಗು ಹತ್ತಿ ಬಂದವರು. ಸಾಮಾನ್ಯ ಹಡಗಲ್ಲ, ಒಳಗೆ ಅಂಗಡಿ, ಸಿನಿಮಾ, ಈಜುಕೊಳ ಎಲ್ಲ ಇರುವ ವಿಲಾಸಿ ಹಡಗು. ಬಂದವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ.

"ಸಮುದ್ರ ಹ್ಯಾಂಗಿತ್ರೀ ಅಕ್ಕಾರ?"

"ನೀರು."

"ಹಡಗು?"

"ದೊಡ್ಡದು."

"ಊಟ?"

"ಉಪ್ಪಿಲ್ಲ. ಸುತ್ತ ಅಷ್ಟು ಉಪ್ಪುನೀರು ಇಟ್ಕೊಂಡು ಸಾರಿಗೆ ಉಪ್ಪಿಲ್ಲ!"

"ಮತ್ತ ಹಾಸಿಗಿ?"

ಈಗ ಅತ್ತೆ ಸೆರಗು ಸರಿಮಾಡಿಕೊಂಡು, ಕಾಲು ಮಡಚಿ ಕೂರುತ್ತಾರೆ. "ಕುಂದ್ರಿ, ಹೇಳ್ತೀನಿ" ಎನ್ನುತ್ತಾರೆ. ಚಹಾ ಬರುತ್ತದೆ, ಮಂಡಕ್ಕಿ ಬರುತ್ತದೆ, ಮಿರ್ಚಿ ಬರುತ್ತದೆ. ಹಾಸಿಗೆ ಮುಗಿಯುವುದಿಲ್ಲ.

ಇದರಲ್ಲಿ ನನಗೇನು ತೊಂದರೆ ಎನ್ನುತ್ತೀರಾ? ತೊಂದರೆ ಇಷ್ಟೇ. ಆ ಹಡಗಿನಲ್ಲಿ ಅತ್ತೆಯ ಜೊತೆಗೆ ಹೋಗಿದ್ದವನು ನಾನು. ಒಂದೇ ಕೋಣೆ, ಎರಡು ಹಾಸಿಗೆ. ನನಗೆ ನೆನಪಿರುವ ಮಟ್ಟಿಗೆ ಅತ್ತೆ ಆ ಹಾಸಿಗೆಯ ಮೇಲೆ ಒಂದು ರಾತ್ರಿಯೂ ಮಲಗಿಲ್ಲ!

'ನೆನಪಿರುವ ಮಟ್ಟಿಗೆ' ಎಂದು ಬೇಕೆಂದೇ ಹೇಳುತ್ತಿದ್ದೇನೆ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಈಗ ಕಾಲೇಜಿನಲ್ಲಿ ಅದನ್ನೇ ಕಲಿಸುವವನು. ಯಾರಾದರೂ 'ಇದು ಕೃಷ್ಣದೇವರಾಯ ಕೂತ ಕಲ್ಲು' ಎಂದರೆ 'ಆಧಾರ?' ಎಂದು ಕೇಳಿ ಸಂಬಂಧ ಕೆಡಿಸಿಕೊಳ್ಳುವ ಜಾತಿ. ಈ ಚಟ ಇತ್ತೀಚೆಗೆ ನನ್ನ ನೆನಪಿನ ಮೇಲೂ ತಿರುಗಿದೆ. ಗ್ಯಾಸ್ ಆರಿಸಿದೆನೇ? ಆಧಾರ? ಬೀಗ ಹಾಕಿದೆನೇ? ಆಧಾರ? ಹೊಸಪೇಟೆಯಲ್ಲಿ, ಚಿತ್ತವಾಡ್ಗಿಯ ನಮ್ಮ ಓಣಿಯ ಆಟೋದವರು ನನ್ನನ್ನು ಹತ್ತಿಸಿಕೊಂಡ ಮೇಲೆ, ತಿರುವಿನಲ್ಲಿ ತಾವಾಗಿಯೇ ನಿಲ್ಲಿಸಿ, "ಸರ, ಬೀಗ ನೋಡಿ ಬರ್ತೀರೇನು?" ಎಂದು ಕೇಳುತ್ತಾರೆ.

ಹಡಗಿನ ಯೋಗ ಮೊದಲು ನಮ್ಮದಾಗಿರಲಿಲ್ಲ. ಕಂಪ್ಲಿಯಲ್ಲಿ ಅತ್ತೆಯ ಗಂಡ, ನಮ್ಮ ಮಾವನದು ಸಿಮೆಂಟು, ಕಬ್ಬಿಣದ ಅಂಗಡಿ. ಚೆನ್ನಾಗಿ ಮಾರಿದ ಅಂಗಡಿಯವರಿಗೆ ಸಿಮೆಂಟ್ ಕಂಪನಿಯವರು ಜೋಡಿ ಟಿಕೆಟ್ ಕೊಟ್ಟರು. ಟಿಕೆಟಿನ ಜೊತೆಗೆ ಬಂದ ಬಣ್ಣದ ಹಾಳೆಯಲ್ಲಿ ಒಂದು ಹಾಸಿಗೆಯ ಚಿತ್ರವಿತ್ತು. ಬಿಳಿಯ ಹಾಸಿಗೆ, ನಾಲ್ಕು ದಿಂಬು, ಹಿಂದೆ ದುಂಡನೆಯ ಕಿಟಕಿ, ಕಿಟಕಿಯಲ್ಲಿ ನೀಲಿ. ಮಾವ ಹಾಳೆಯನ್ನು ಹಣ ಎಣಿಸುವ ಗಲ್ಲೆಯ ಮೇಲಿನ ಗಾಜಿನ ಕೆಳಗಿಟ್ಟರು. ಕಬ್ಬಿಣ ಕೊಳ್ಳಲು ಬಂದ ಮೆಟ್ರಿಯ ರೈತರಿಗೆಲ್ಲ ಅದನ್ನು ತೋರಿಸುತ್ತಿದ್ದರು.

ಆಮೇಲೆ ಒಂದು ದಿನ ಸೀನಿದರು. ಹೌದು, ಬರೀ ಒಂದು ಸೀನು! ಸಿಮೆಂಟಿನ ಚೀಲ ಎತ್ತಿ ಬೆಳೆದ ಬೆನ್ನು ಒಂದು ಸೀನಿಗೆ ಹಿಡಿದುಕೊಂಡಿತು. ಹೊಸಪೇಟೆಯ ಡಾಕ್ಟರು, "ಮೆತ್ತಗಿನ ಹಾಸಿಗಿ ಬಂದ್. ಬರೀ ಹಲಗಿ ಮ್ಯಾಲೆ ಮಲಗ್ರಿ" ಎಂದರು. ಬಣ್ಣದ ಹಾಳೆ ಗಲ್ಲೆಯಿಂದ ಎದ್ದು ಮಾವನ ಹಲಗೆಯ ಪಕ್ಕದ ಗೋಡೆಗೆ ಬಂತು.

ಅತ್ತೆ "ನಾ ಒಲ್ಲೆ" ಎಂದರು. ಮಾವ ಬಿಡಲಿಲ್ಲ. "ಸಮುದ್ರ ನೋಡ್ಲಿಕ್ಕೆ ಬ್ಯಾಡ. ಆ ಹಾಸಿಗಿ ಹ್ಯಾಂಗ ಐತಿ ನೋಡಿಕೊಂಡು ಬಾ. ಬಂದು ನನಗ ಹೇಳು" ಎಂದರು. ಸೊಸೆಗೆ ದಿನ ತುಂಬಿದ್ದರಿಂದ ಮಗ ಮನೆ ಬಿಡುವಂತಿರಲಿಲ್ಲ. ಕಾಲೇಜಿಗೆ ರಜೆ ಇದ್ದ, ಯಾವ ಕೆಲಸಕ್ಕೂ ಬಾರದ ಸೋದರಳಿಯ ನಾನೊಬ್ಬ ಸಿಕ್ಕೆ.

ಮುಂಬೈಯಲ್ಲಿ ಹಡಗು ಹತ್ತಿದೆವು. ಹಡಗಿನ ತುಂಬ ಸಿಮೆಂಟು ಮಾರುವವರು. ಅರಬ್ಬೀ ಸಮುದ್ರದ ಸೂರ್ಯಾಸ್ತ ನೋಡುತ್ತ ಒಬ್ಬರು ಚೀಲದ ರೇಟು ಕೇಳಿದರೆ, ಇನ್ನೊಬ್ಬರು ದೂರದ ದಂಡೆ ನೋಡಿ, "ಎಷ್ಟು ಮರಳು ಸುಮ್ನ ಬಿದ್ದೈತಿ ನೋಡ್ರಿ! ಉಪ್ಪು ಹತ್ತೈತಿ, ಇಲ್ಲಾಂದ್ರ..." ಎಂದು ಹೊಟ್ಟೆ ಉರಿದುಕೊಂಡರು. ಕಂಪನಿಯ ದೊಡ್ಡ ಸಾಹೇಬರು ನಾವೆಲ್ಲ ಒಂದೇ ಕುಟುಂಬ ಎಂದು ಭಾಷಣ ಮಾಡಿ, ಮುಂದಿನ ವರ್ಷ ಇನ್ನೂ ಹೆಚ್ಚು ಮಾರಬೇಕೆಂದು ಕುಟುಂಬಕ್ಕೆ ತಾಕೀತು ಮಾಡಿದರು. ಅತ್ತೆ ಈಜುಕೊಳ ನೋಡಿ ನಿಂತರು. ಸುತ್ತ ಸಮುದ್ರ, ನಡುವೆ ಹಡಗು, ಹಡಗಿನ ಮೇಲೆ ಮತ್ತೆ ನೀರು!

"ಕಾಲುವಿ ಮಗ್ಗಲ ಬೋರ್ ಹಾಕ್ಸಿದಂಗಾತಲ್ಲೋ ಇದು!"

ಕೋಣೆಯ ಬಾಗಿಲು ತೆರೆದಾಗ ಅತ್ತೆಯ ಹಾಸಿಗೆಯ ಮೇಲೆ ಆನೆ ಕುಳಿತಿತ್ತು. ಕೋಣೆ ಗುಡಿಸುವ ಹುಡುಗರು ಟವೆಲನ್ನು ಮಡಚಿ ಮಾಡಿದ ಆನೆ. ಎರಡು ಕಿವಿ, ಒಂದು ಸೊಂಡಿಲು. ಅತ್ತೆ ಚಪ್ಪಲಿ ಹೊರಗೇ ಬಿಟ್ಟರು.

"ಗಣಪ್ಪ!"

"ಅತ್ತಿ, ಅದು ಟವೆಲ್."

"ಕಲ್ಲಿನಾಗ ಮಾಡಿದ್ರ ಗಣಪ್ಪ, ಟವೆಲಿನಾಗ ಮಾಡಿದ್ರ ಟವೆಲ್ ಏನಲೇ? ಹಂಪ್ಯಾಗ ಕಡಲೆಕಾಳು ಗಣಪ್ಪನ ಮುಂದ ತಾಸುಗಟ್ಟಲೆ ಹುಡುಗರಿಗೆ ಪಾಠ ಹೇಳ್ತಿ. ಅದನ್ನ ಬರೀ ಕಲ್ಲು ಅಂತ ಹೇಳ್ತೀಯೇನು?"

  ಅತ್ತೆ ಗಣಪ್ಪನನ್ನು ಮೇಜಿನ ಮೇಲೆ ಪೂರ್ವಾಭಿಮುಖವಾಗಿ ಕೂರಿಸಿ, ವಿಭೂತಿ ಹಚ್ಚಿ, ಕೈಮುಗಿದರು. ಸ್ವಲ್ಪ ಹೊತ್ತಿಗೆ ಹಡಗು ತಿರುಗಿತು. ಗಣಪ್ಪ ದಕ್ಷಿಣಕ್ಕೆ ಮುಖ ಮಾಡಿದ! ಅಂದಿನಿಂದ ನನ್ನ ಕೆಲಸ ಒಂದೇ: ಮೊಬೈಲಿನಲ್ಲಿ ದಿಕ್ಕು ನೋಡುವುದು, ಟವೆಲನ್ನು ತಿರುಗಿಸುವುದು.

ಮರುದಿನ ಟವೆಲಿನ ಕೋತಿಯೊಂದು ಸರಳಿನಿಂದ ಜೋತಾಡುತ್ತಿತ್ತು. ಅತ್ತೆಯ ಕಣ್ಣಲ್ಲಿ ನೀರು. "ನೋಡೋ, ಅಂಜನಾದ್ರಿಯಿಂದ ಇಲ್ಲೀತನಕ ಬಂದಾನ! ನಮ್ಮ ಊರ ಕಡೆಯಾಂವ!" ಕೋಣೆ ಗುಡಿಸುವ ಹುಡುಗನಿಗೆ ತನ್ನ ಟವೆಲಿಗೆ ವಿಭೂತಿ ಬಿದ್ದದ್ದು ನೋಡಿ ಖುಷಿಯೋ ಗಾಬರಿಯೋ, ಆಮೇಲೆ ಆಮೆ ಬಂತು, ಹಂಸ ಬಂತು. ಕೊನೆಗೆ ಬೇರೆ ಅಂಗಡಿಯವರ ಹೆಂಡಂದಿರು ತಲೆಯ ಮೇಲೆ ಸೆರಗು ಹೊದ್ದು ದರ್ಶನಕ್ಕೆ ಬರತೊಡಗಿದರು. ಸ್ನಾನ ಮಾಡಿ ಮೈ ಒರೆಸಿಕೊಳ್ಳಲು ನನಗೆ ಮಾತ್ರ ಟವೆಲ್ ಇರಲಿಲ್ಲ.

ಇನ್ನು ಹಾಸಿಗೆಯ ಸಂಗತಿ: ಹಡಗಿನ ಮೊದಲ ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟೆ. ಕಾರ್ಪೆಟ್ ಮೇಲೆ ಅಂದುಕೊಂಡೆ. ಅದು ಅತ್ತೆ!

"ಅಯ್ಯಯ್ಯೋ, ಕಣ್ಣಿಲ್ಲೇನೋ ನಿನಗ!"

ಊರಿನಿಂದ ತಂದಿದ್ದ ಕೌದಿಯನ್ನು ನೆಲಕ್ಕೆ ಹಾಸಿ ಮಲಗಿದ್ದರು. ಹಾಸಿಗೆಯ ಮೇಲೆ ಒಂದು ಸುಕ್ಕೂ ಇರಲಿಲ್ಲ. "ಗಣಪ್ಪ ಕುಂತ ಜಾಗದಾಗ ಕಾಲು ಚಾಚಬೇಕಂತೇನು?" ಎಂದರು. ಉಳಿದ ದಿನಗಳೂ ಹಾಗೇ. ಹೀಗೆಂದು ನನ್ನ ನೆನಪು.

ಆದರೆ ಕಂಪ್ಲಿಗೆ ಬಂದು ಮಾವನ ಹಲಗೆಯ ಪಕ್ಕ ಕುಳಿತ ಅತ್ತೆ ಏನು ಹೇಳಬೇಕು?

"ಏನು ಹಾಸಿಗಿ ಅಂತೀರಿ! ಸಣ್ಣವರಿದ್ದಾಗ ಹೊಸ ಭತ್ತದ ರಾಶಿ ಮ್ಯಾಲೆ ಬೀಳ್ತಿದ್ವಲ್ಲ, ಹಂಗ. ಆದ್ರ ಚುಚ್ಚಂಗಿಲ್ಲ. ಕೆಳಗ ನೀರು, ಹೊಳ್ಯಾಗ ಹರಗೋಲು ಎತ್ತಿ ಇಳಿಸಿದಂಗ ಮೆಲ್ಲಕ ತೂಗ್ತೈತಿ. ಸೊಂಟ ಎಲ್ಲೈತಿ ಅನ್ನೋದ ಮರ್ತು ಹೋಗ್ತೈತಿ."

ಮಾವ ಕಣ್ಣು ಮುಚ್ಚಿ ಕೇಳಿದರು. ನಾನು ಬಾಯಿ ತೆರೆದು ಕೇಳಿದೆ.

ಅಲ್ಲಿಂದ ಅತ್ತೆಯ ಕೀರ್ತಿ ಹಬ್ಬಿತು. ಸಂಡೂರಿನ ನಮ್ಮ ನೆಂಟರೊಬ್ಬರು, ಅದಿರಿನ ಲಾರಿಗಳಲ್ಲಿ ದುಡಿದವರು, ಭಾರೀ ಬೆಲೆಯ ಹಾಸಿಗೆ ತರಿಸಿ, ಅತ್ತೆಯನ್ನು ಕಾರಿನಲ್ಲಿ ಕರೆಸಿದರು. ಅತ್ತೆ ಒತ್ತಿದರು. ನಿಟ್ಟುಸಿರು ಬಿಟ್ಟರು. ಪಾಪ, ಆ ಮನುಷ್ಯ ಈಗ ಸೋಫಾದ ಮೇಲೆ ಮಲಗುತ್ತಾರಂತೆ.

ನಮ್ಮ ಮನೆತನದ ಹುಡುಗಿಯೊಬ್ಬಳಿಗೆ ಗಂಡು ನೋಡಲು ವಡ್ಡು ಎಂಬ ಊರಿಗೆ ಹೋದಾಗ ಇನ್ನೊಂದು ಪ್ರಸಂಗ. ಹುಡುಗನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ನಮ್ಮವರು ಸಂಬಳ ಕೇಳುವ ಮೊದಲೇ ಅತ್ತೆ, "ಹುಡುಗಂದು ಹಾಸಿಗಿ ತೋರಸ್ರಿ" ಎಂದರು. ಎಲ್ಲರೂ ತಲೆ ತಗ್ಗಿಸಿದೆವು. "ಅದ್ಯಾಕ್ರೀ?" ಎಂದಳು ಹುಡುಗನ ತಾಯಿ. "ನೈಟ್ ಶಿಫ್ಟ್ ಮಾಡ್ತಾನ ಅಂತೀರಿ. ಹಗಲೊತ್ತು ನಿದ್ದಿ ಆಗದ ಗಂಡಸು ಹೆಂಡ್ತಿ ಮ್ಯಾಲೆ ಹರಿಹಾಯ್ತಾನ್ರೀ!" ಆ ತಾಯಿ ಎದ್ದು ಅತ್ತೆಯ ಕೈ ಹಿಡಿದುಕೊಂಡಳು. "ಇಷ್ಟು ಮಂದಿ ಬಂದು ಹೋದ್ರು, ನನ್ನ ಮಗನ ನಿದ್ದಿ ಕೇಳಿದವ್ರು ನೀವೊಬ್ಬರ" ಎಂದಳು. ಸಂಬಂಧ ಕುದುರಿತು. ಹಾಸಿಗೆ ಮಾತ್ರ ಫೇಲು!

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತು. ಆದರೆ ಡಾಕ್ಟರು ಈಚೆಗೆ ಮಾವನಿಗೆ, "ಹಲಗಿ ಸಾಕು, ಚಲೋ ಹಾಸಿಗಿ ತಗೊಳ್ರಿ" ಎಂದರು. ಆರಿಸುವವರು ಯಾರು? ಮತ್ಯಾರು! ಅತ್ತೆ ಹೊಸಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದರು. ಜೊತೆಗೆ ನಾನು. ಅಂಗಡಿಯವರು ನಮ್ಮನ್ನು ದೂರದಿಂದ ಕಂಡರೆ ಶಟರು ಎಳೆಯುವ ಮಟ್ಟಕ್ಕೆ ಬಂತು. ಒಂದು ಗಟ್ಟಿ, ಒಂದು ಮೆತ್ತಗೆ, ಒಂದಕ್ಕೆ ವಾಸನೆ. "ಹಡಗಿನ ಹಾಸಿಗಿ ಮುಂದ ಏನೂ ಅಲ್ಲ." ತಿಂಗಳುಗಳು ಕಳೆದವು. ಮಲಗಿಯೇ ಇರದ ಹಾಸಿಗೆಯೊಂದರ ಹೆಸರಿನಲ್ಲಿ ಮಾವ ಹಲಗೆಯ ಮೇಲೇ ಉಳಿದರು! ಪ್ರತಿ ಸಲ ಮಗ್ಗಲು ಬದಲಿಸುವಾಗಲೂ ಹಲ್ಲು ಕಚ್ಚುತ್ತಿದ್ದರು. ನನ್ನೊಳಗಿನ ಇತಿಹಾಸಕಾರ ಇನ್ನು ಸುಮ್ಮನಿರಬಾರದೆಂದ.

ಮೊನ್ನೆ ಮಧ್ಯಾಹ್ನ ಕಂಪ್ಲಿಗೆ ಹೋದೆ. ಅತ್ತೆ ಅಡುಗೆಮನೆಯಲ್ಲಿದ್ದರು. ಮಾವನ ಹಲಗೆಯ ಪಕ್ಕ ಕುಳಿತು, ದನಿ ತಗ್ಗಿಸಿ ಹೇಳಿದೆ. "ಮಾವ, ತಪ್ಪು ತಿಳೀಬ್ಯಾಡ್ರಿ. ಅತ್ತಿ ಹಡಗಿನಾಗ ಆ ಹಾಸಿಗಿ ಮ್ಯಾಲೆ ಮಲಗಿಲ್ಲ. ಒಂದು ದಿನಾನೂ."

ಮಾವ ನನ್ನನ್ನು ಕನಿಕರದಿಂದ ನೋಡಿದರು.

"ಗೊತ್ತೈತಿ ಅಳಿಯಾ."

"ಹ್ಯಾಂಗ?"

"ಬಂದ ದಿನ ಸೊಂಟ ಹಿಡ್ಕೊಂಡ ಬಂದ್ಲು. ಅಂಥಾ ಹಾಸಿಗಿ ಮ್ಯಾಲೆ ಮಲಗಿದಾಕಿಗೆ ಸೊಂಟ ಯಾಕ ಹಿಡೀತೈತಿ?"

ಆಧಾರ! ನಾನು ಇಷ್ಟು ದಿನ ಒದ್ದಾಡಿದ್ದನ್ನು ಮಾವ ಹಲಗೆಯ ಮೇಲಿಂದ ಏಳದೆ ಸಾಧಿಸಿದ್ದರು.

"ಗಣಪ್ಪ ಕುಂತ ಜಾಗ ಅಂತ ಹೇಳಿದ್ರು ಅತ್ತಿ..."

"ಹೂಂ, ಗಣಪ್ಪ." ಮಾವ ಮೇಲೆ ಅಟ್ಟದ ಕಡೆ ಗದ್ದ ಎತ್ತಿದರು. ಅಲ್ಲಿ ಹಳೆಯ ಹತ್ತಿಯ ಗಾದಿಯೊಂದು ಸುತ್ತಿ ಕಟ್ಟಿಸಿಕೊಂಡು ಕುಳಿತಿತ್ತು. "ನನ್ನ ಹಲಗಿ ಬಂದ ದಿನಾನ ಆಕಿ ತನ್ನ ಗಾದಿ ಅಲ್ಲಿ ಹಾಕಿದ್ಲು. ಅವತ್ತಿನಿಂದ ಚಾಪಿ. ಕೇಳಿದ್ರ ಸೆಕಿ ಅಂತಾಳ. ಚಳಿಗಾಲದಾಗೂ ಸೆಕಿ! ಹಡಗು ಹತ್ತಿದ್ರ ಸೆಕಿ ಬಿಡ್ತೈತೇನು?"

ನಾನು ಅಟ್ಟದ ಗಾದಿಯನ್ನೇ ನೋಡಿದೆ.

"ಅದಿರ್ಲಿ," ಎಂದರು ಮಾವ. ಗೋಡೆಯ ಮೇಲಿನ ಬಣ್ಣದ ಹಾಳೆ ನೋಡುತ್ತ ಕೇಳಿದರು. "ನೀ ಮಲಗಿದ್ದಿಯಲ್ಲ. ನೀ ಹೇಳು. ಖರೇನ ಹ್ಯಾಂಗಿತ್ತು?"

ಹೇಳಬೇಕೆಂದು ಬಾಯಿ ತೆರೆದೆ. ಏನೂ ಇರಲಿಲ್ಲ! ಅಷ್ಟು ದಿನ ಮೈಚಾಚಿ ಮಲಗಿದವನಿಗೆ ಅದು ಗಟ್ಟಿಯಿತ್ತೋ ಮೆತ್ತಗಿತ್ತೋ ನೆನಪಿಲ್ಲ. ಹುಡುಕಿದಷ್ಟೂ ಅಲ್ಲಿ ಅತ್ತೆಯ ಮಾತುಗಳೇ ಸಿಕ್ಕವು.

"ಭತ್ತದ ರಾಶಿ ಮ್ಯಾಲೆ ಬಿದ್ದಂಗ ಮಾವ," ಎಂದೆ. "ಆದ್ರ ಚುಚ್ಚಂಗಿಲ್ಲ. ಕೆಳಗ ನೀರು, ದೋಣಿ ತೂಗಿದಂಗ..."

"ದೋಣಿ ಅಲ್ಲಲೇ, ಹರಗೋಲು!" ಅಡುಗೆಮನೆಯಿಂದ ಅತ್ತೆಯ ದನಿ. "ದೋಣಿ ಓಲಾಡ್ತೈತಿ. ಹರಗೋಲು ತೂಗ್ತೈತಿ. ಮಲಗಿ ಬಂದು ಅಷ್ಟೂ ಗೊತ್ತಿಲ್ಲ ನಿನಗ!"

ಮಾವ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದರು.

"ಏ, ಕೇಳ್ತೇನು? ನಾಳೆ ಹೊಸಪೇಟೆಯಿಂದ ಯಾವುದಾರ ಒಂದು ಹಾಸಿಗಿ ತರಸು."

"ಹಡಗಿನ ಹಾಸಿಗಿ ಹಂಗ ಒಂದೂ ಇಲ್ರೀ ಅಲ್ಲಿ!"

"ಬ್ಯಾಡ ಬಿಡು. ಎಂಥದಾರ ಆಗ್ಲಿ, ಅಗಲಂದು ತರಸು. ನೀ ಮಗ್ಗಲದಾಗ ಮಲ್ಕೊಂಡು ಹಡಗಿಂದು ಹೇಳು. ನಾ ಕೇಳ್ತೀನಿ."

ಒಳಗೆ ಪಾತ್ರೆಯ ಸದ್ದು ನಿಂತಿತು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಮಾವನನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತ, ಎಂದೂ ಕೇಳದ ಸಣ್ಣ ದನಿಯಲ್ಲಿ ಕೇಳಿದರು.

"ಅಷ್ಟು ಅಗಲಂದು ಸಿಗ್ತೈತೇನೋ ಹೊಸಪೇಟ್ಯಾಗ?"

"ಸಿಕ್ಕೇ ಸಿಗ್ತೈತಿ ಅತ್ತಿ" ಎಂದೆ. ಯಾವ ಆಧಾರವೂ ಇಲ್ಲದೆ.