ಬರೆಯುವ ಯಂತ್ರ, ನಗ ಒಂದು

ಕೆಸೋನ್ ನಗರದ ಬುಲಾಲಾಕಾವ್ ವಾಹಿನಿಯಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಯಿಂದ ಜಾರಿಗೆ ಬರುವಂತೆ, ಮನುಷ್ಯರು ಕಥೆ ಬರೆಯುವುದನ್ನು ನಿಲ್ಲಿಸಲಾಯಿತು. ಸುತ್ತೋಲೆ ಹದಿನಾಲ್ಕರ ಪ್ರಕಾರ ಇನ್ನು ಎಲ್ಲ ಧಾರಾವಾಹಿಗಳನ್ನೂ ಕೃತಕ ಬುದ್ಧಿಮತ್ತೆಯ ಯಂತ್ರವೇ ಬರೆಯತಕ್ಕದ್ದು. ಬರೆಯುವ ಅಭ್ಯಾಸವುಳ್ಳ ಮನುಷ್ಯರು ಶುಕ್ರವಾರದೊಳಗೆ ತಮ್ಮ ಕಾಫಿ ಲೋಟಗಳನ್ನು ತೆಗೆದುಕೊಂಡು ಹೋಗತಕ್ಕದ್ದು. ಬಿಟ್ಟುಹೋದ ಲೋಟಗಳಿಗೆ ಸಂಸ್ಥೆ ಜವಾಬ್ದಾರಿಯಲ್ಲ.

ಮಧ್ಯಾಹ್ನದ ‘ಏಳು ತಾಯಂದಿರ ಮಗಳು’ ಧಾರಾವಾಹಿ ಬರೆಯುತ್ತಿದ್ದ ಹರ್ಮಿನಿಯಾ ಸುತ್ತೋಲೆಯನ್ನು ಎರಡು ಸಲ ಓದಿದಳು. ಇಪ್ಪತ್ತೇಳು ವರ್ಷದಿಂದ ಅಲ್ಲೇ ಬರೆಯುತ್ತಿದ್ದರೂ ಅವಳ ಕೆಲಸ ಕಾಯಂ ಆಗಿರಲಿಲ್ಲ. ಆರು ತಿಂಗಳು ದುಡಿದವರನ್ನು ಕಾಯಂ ಮಾಡಬೇಕೆಂದು ಕಾಯಿದೆ ಹೇಳುತ್ತಿದ್ದುದರಿಂದ, ವಾಹಿನಿಯು ಕಾಯಿದೆಗೆ ತಲೆಬಾಗಿ ಎಲ್ಲರನ್ನೂ ಐದನೆಯ ತಿಂಗಳಿಗೇ ತೆಗೆದುಹಾಕಿ, ಮರುವಾರ ಹೊಸಬರೆಂದು ಸೇರಿಸಿಕೊಳ್ಳುತ್ತಿತ್ತು. ಹೀಗೆ ಹರ್ಮಿನಿಯಾ ಅರವತ್ತಮೂರು ಸಲ ಹೊಸಬಳಾಗಿದ್ದಳು. ಪ್ರತಿ ಸಲವೂ ಬಾರಂಗಾಯ್ ಎಂಬ ವಾರ್ಡ್ ಕಚೇರಿಯ ಸನ್ನಡತೆ ಪತ್ರ, ಪೊಲೀಸರ ಪತ್ರ, ಎದೆಯ ಎಕ್ಸ್-ರೇ, ಪುಟ್ಟ ಡಬ್ಬಿಯಲ್ಲಿ ಮಲದ ಮಾದರಿ. ಅರವತ್ತನಾಲ್ಕನೆಯ ಸಲ ಇಲ್ಲ ಎಂಬುದೊಂದೇ ಈ ಸುತ್ತೋಲೆಯ ಹೊಸ ಸಂಗತಿ. ಕಥಾನಾಯಕಿ ಅಮಿಹಾನ್‌ಗೆ ಇನ್ನೂ ಮೂವರು ತಾಯಂದಿರು ಸಿಗುವುದು ಬಾಕಿಯಿತ್ತು.

ಯಂತ್ರಕ್ಕೆ ಮುನ್ನೂರು ಕಂತು ಬರೆಯಲು ಆದೇಶಿಸಲಾಯಿತು. ಅದು ನಲವತ್ತು ಸೆಕೆಂಡಿನಲ್ಲಿ ಎರಡು ಕಂತು ಬರೆಯಿತು. ಮೊದಲ ಕಂತಿನಲ್ಲಿ ಅಮಿಹಾನ್ ತನ್ನ ಹೆತ್ತ ತಾಯಿಯನ್ನು ಸಂತೆಯಲ್ಲಿ ಕಂಡು, ಅನುಮಾನ ಬಂದು, ರಕ್ತ ಪರೀಕ್ಷೆ ಮಾಡಿಸಿದಳು. ಎರಡನೆಯದರಲ್ಲಿ ವರದಿ ಬಂತು. ಎಲ್ಲರೂ ಅಪ್ಪಿಕೊಂಡರು. ಖಳನಾಯಕಿ ತಪ್ಪೊಪ್ಪಿಕೊಂಡು ತಾನೇ ಪೊಲೀಸ್ ಠಾಣೆಗೆ ನಡೆದುಹೋದಳು.

“ಉಳಿದ ಇನ್ನೂರ ತೊಂಬತ್ತೆಂಟು ಎಲ್ಲಿ?” ಎಂದು ಕಾರ್ಯಕ್ರಮಗಳ ಮುಖ್ಯಸ್ಥ ಪ್ಲಾಸಿಡೊ ಕೇಳಿದ.

“ಎಲ್ಲರೂ ಸುಖವಾಗಿದ್ದಾರೆ,” ಎಂದಿತು ಯಂತ್ರ. “ಇನ್ನೇನು ಬೇಕು ಹೇಳಿ?”

ಸಾಬೂನಿನ ಜಾಹೀರಾತಿನವರಿಗೆ ಬೇಕಿತ್ತು. ಏನಾದರೂ ಅಡ್ಡಿ ತಂದು ಕಥೆ ಎಳೆಯುವಂತೆ ಯಂತ್ರಕ್ಕೆ ಸೂಚಿಸಲಾಯಿತು. ಅದು ಮಳೆ ತರಿಸಿತು. ಅಮಿಹಾನ್ ಕಾಲು ಗಂಟೆ ತಡವಾಗಿ ತಾಯಿಯನ್ನು ಸೇರಿದಳು.

ಶುಕ್ರವಾರ ಕಾಫಿ ಲೋಟ ಹಿಡಿದು ಹೊರಟಿದ್ದ ಹರ್ಮಿನಿಯಾಳನ್ನು ಪ್ಲಾಸಿಡೊ ಬಾಗಿಲಲ್ಲೇ ತಡೆದ.

“ಅಕ್ಕಾ, ಆ ತಾಯಿ ಮಗಳ ಹತ್ರ ನಿಜ ಹೇಳ್ದೇ ಇರೋಕೆ ಏನ್ ಮಾಡ್ಬೇಕು?”

“ಹೇಳಕ್ಕೆ ಬಾಯಿ ತೆಗೀತಾಳೆ. ಅಷ್ಟರಲ್ಲಿ ಜೀಪ್ನಿ ಗಾಡಿ ಗುದ್ದುತ್ತೆ.”

“ಆಮೇಲೆ?”

“ಎರಡು ತಿಂಗಳು ಕೋಮಾ. ಎಚ್ಚರ ಆದ್ಮೇಲೆ ನೆನಪಿರಲ್ಲ. ನೆನಪು ಬಂದ ದಿನ ಮಗಳು ದುಬೈ ವಿಮಾನ ಹತ್ತಿರ್ತಾಳೆ.”

ಪ್ಲಾಸಿಡೊನ ಕಣ್ಣು ತುಂಬಿ ಬಂತು. “ಇದು ಯಂತ್ರಕ್ಕೆ ಯಾಕಕ್ಕಾ ಹೊಳೀಲಿಲ್ಲ?”

“ಅದು ಯಾವತ್ತಾದ್ರೂ ಒಂದು ಕಾಗದಕ್ಕೆ ಸಾಲಲ್ಲಿ ನಿಂತಿದ್ಯಾ ಸರ್?”

ಅವಳನ್ನು ಮತ್ತೆ ಸೇರಿಸಿಕೊಳ್ಳಲು ದಾರಿಯಿರಲಿಲ್ಲ. ಬರಹಗಾರರ ಹುದ್ದೆಗಳಲ್ಲಿ ಹಂಗಾಮಿ ಹುದ್ದೆಯೊಂದನ್ನು ಬಿಟ್ಟು ಉಳಿದೆಲ್ಲ ರದ್ದಾಗಿದ್ದವು. ಆ ಒಂದಕ್ಕೂ ಮನುಷ್ಯರನ್ನು ತೆಗೆದುಕೊಳ್ಳಬಾರದೆಂದು ಷರಾ ಬರೆಯಲಾಗಿತ್ತು. ಕಟ್ಟಡದ ಮೇಲೆ ‘ಮನುಷ್ಯರ ಕೈ ಸೋಕದ ಕಥೆಗಳು’ ಎಂಬ ಬ್ಯಾನರ್ ಕಟ್ಟಿಯಾಗಿತ್ತು. ಉಗ್ರಾಣದ ಅಧಿಕಾರಿ ಟಿಯೊಡುಲೊನನ್ನು ಕರೆಸಿದರು. ಜಗತ್ತಿನಲ್ಲಿ ನಮೂನೆ ತುಂಬಿ ಬಗೆಹರಿಯದ ತೊಂದರೆ ಇರಬಹುದೆಂದು ಅವನು ನಂಬಿದವನಲ್ಲ.

“ಮನುಷ್ಯರನ್ನ ತಗೊಳ್ಳೋ ಹಾಗಿಲ್ಲ, ಅಷ್ಟೇ ತಾನೇ? ಯಂತ್ರ ಅಂತ ತಗೊಳ್ಳೋಣ,” ಎಂದು ಖರೀದಿ ನಮೂನೆ ಬಿಚ್ಚಿದ. “ತಯಾರಾದ ಊರು?”

“ಬತಾಂಗಾಸ್.”

“ಇಂಧನ?”

“ಅನ್ನ, ಒಣಮೀನು.”

“ಸದ್ದು ಮಾಡುತ್ತಾ?”

“ನನ್ನ ಸಂಭಾಷಣೆ ಯಾರಾದ್ರೂ ತಿದ್ದಿದ್ರೆ ಮಾಡುತ್ತೆ.”

“ಹಳೇ ಮಾಲು ಅಂತ ಬರೀಲಾ?”

“ನಿನ್ನ ತಲೆ. ಪಳಗಿದ ಮಾಲು ಅಂತ ಬರಿ.”

ಕೊನೆಯ ಅಂಕಣದಲ್ಲಿ ಅವನು ‘ಬಾಳಿಕೆ: ಐದು ವರ್ಷ’ ಎಂದು ಬರೆದ. ಹರ್ಮಿನಿಯಾ ಕನ್ನಡಕ ಒರೆಸಿಕೊಂಡು ನೋಡಿದಳು.

“ಐದು ತಿಂಗಳಲ್ವೇನೋ?”

“ಯಂತ್ರಕ್ಕೆ ಐದು ವರ್ಷ ಅಕ್ಕಾ. ಅದಕ್ಕೆ ಮುಂಚೆ ಬಿಸಾಕಿದ್ರೆ ಲೆಕ್ಕ ತಪಾಸಣೆಯವ್ರು ನನ್ನ ಚರ್ಮ ಸುಲೀತಾರೆ.”

ಇಪ್ಪತ್ತೇಳು ವರ್ಷದಲ್ಲಿ ಯಾರೂ ಅವಳಿಗೆ ಐದು ತಿಂಗಳಿಗಿಂತ ಹೆಚ್ಚಿನ ಮಾತು ಕೊಟ್ಟಿರಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಟಿಯೊಡುಲೊ ಷರಾ ಕಾಲಂನಲ್ಲಿ ‘ಸಣ್ಣ ಸೋರಿಕೆ ಇದೆ’ ಎಂದು ನಮೂದಿಸಿದ.

ಯಂತ್ರೋಪಕರಣಗಳು ಸರಕಿನ ಗೇಟಿನಿಂದಲೇ ಬರಬೇಕೆಂಬ ನಿಯಮವಿದ್ದುದರಿಂದ, ಸೋಮವಾರ ಅವಳು ಒಂದು ಟ್ರೈಸಿಕಲ್ ರಿಕ್ಷಾ ಹತ್ತಿ ಆ ಕಡೆಯಿಂದ ಬಂದಿಳಿದಳು. ಕಾವಲುಗಾರ ಅವಳನ್ನು ಒಂದು ಸುತ್ತು ತಿರುಗಿಸಿ, ಎಲ್ಲೂ ನಗ್ಗಿಲ್ಲವೆಂದು ಖಚಿತಪಡಿಸಿಕೊಂಡು, ಮಾಲು ತಲುಪಿದ್ದಕ್ಕೆ ಸಹಿ ಹಾಕಿದ. ಸಂಖ್ಯೆಯ ಚೀಟಿಯನ್ನು ಭುಜಕ್ಕೆ ಅಂಟಿಸಲಾಯಿತು. ಅಲ್ಲಿಯವರೆಗೆ ಫ್ಯಾನಿಲ್ಲದ ಮೂಲೆಯಲ್ಲಿ ಬೆವರುತ್ತಿದ್ದವಳು ಈಗ ಎಸಿ ಕೋಣೆಯಲ್ಲಿ ಕೂತಳು. ಕರೆಂಟು ಹೋದರೆ ಇಡೀ ಕಟ್ಟಡ ಕತ್ತಲಾಗುತ್ತಿತ್ತು, ಅವಳ ಕೋಣೆಯೊಂದು ಬಿಟ್ಟು. ಯಂತ್ರದ ಕೋಣೆಯಲ್ಲಿ ತಿಂಡಿ ನಿಷಿದ್ಧವಾದ್ದರಿಂದ ಮೂರು ಗಂಟೆಯ ಬಾಳೆಹಣ್ಣಿನ ತುರೋನ್ ‘ಇಂಧನ’ವೆಂದು ಒಳಗೆ ಬಂತು. ತಿಂಗಳಿಗೊಮ್ಮೆ ಯಂತ್ರಗಳ ದುರಸ್ತಿಯ ನೌಕರ ಸ್ಕ್ರೂಡ್ರೈವರ್ ಹಿಡಿದು ಬಂದು, ಏನು ಬಿಚ್ಚಬೇಕೆಂದು ತೋಚದೆ, ಅವಳ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಹೋಗುತ್ತಿದ್ದ.

ಜೀಪ್ನಿ ಗುದ್ದಿತು. ಕೋಮಾ ಬಂತು. ದೇಶವೇ ಅತ್ತಿತು. ಒಬ್ಬ ವಿಮರ್ಶಕ ಪತ್ರಿಕೆಯಲ್ಲಿ, ‘ಯಂತ್ರವೊಂದು ಇಷ್ಟು ಮನಮುಟ್ಟುವಂತೆ ಬರೆಯಬಲ್ಲದಾದರೆ ಮನುಷ್ಯರ ಕಾಲ ಮುಗಿದಂತೆಯೇ’ ಎಂದು ಬರೆದ. ಹರ್ಮಿನಿಯಾ ಅದನ್ನು ಕತ್ತರಿಸಿ ಕೋಣೆಯ ಗೋಡೆಗೆ ಅಂಟಿಸಿದಳು.

ಐದು ವರ್ಷದ ಬಾಳಿಕೆಯ ಸುದ್ದಿ ವಾಹಿನಿಯೊಳಗೆ ಹರಡುತ್ತಲೇ ಉಗ್ರಾಣದ ಮುಂದೆ ಜನ ಮುಗಿಬಿದ್ದರು. ಸಂಗೀತ ನಿರ್ದೇಶಕ ಧ್ವನಿವರ್ಧಕವಾದ. ಅಜ್ಜಿಯ ಪಾತ್ರದ ನಟಿ ಪೀಠೋಪಕರಣವಾಗಲು ಒಪ್ಪಿದಳು, ಅದರ ಬಾಳಿಕೆ ಹತ್ತು ವರ್ಷ. ಪ್ಲಾಸಿಡೊ ತಾನೇ ಅರ್ಜಿ ತುಂಬಿದ. ಅವನಿಂದ ಏನು ಕೆಲಸವಾಗುತ್ತದೆಂದು ಬರೆಯಲು ತೋಚದೆ, ಅವನನ್ನು ಅಲಂಕಾರಿಕ ವಸ್ತುಗಳ ಪಟ್ಟಿಗೆ ಸೇರಿಸಲಾಯಿತು.

ಮೊದಲಿನ ಯಂತ್ರದ್ದೊಂದು ಸಮಸ್ಯೆ ಉಳಿಯಿತು. ಒಂದು ಧಾರಾವಾಹಿಗೆ ಒಂದೇ ಬರೆಯುವ ಯಂತ್ರ ಎಂದು ನಿಯಮ. ಟಿಯೊಡುಲೊ ಅದನ್ನು ಖಾಲಿಯಿದ್ದ ಆ ಹಂಗಾಮಿ ಬರಹಗಾರರ ಹುದ್ದೆಗೆ ಹಾಕಿದ. ಗುತ್ತಿಗೆ, ಐದು ತಿಂಗಳು.

ಐದನೆಯ ತಿಂಗಳು ತುಂಬಿದ ದಿನ ಹರ್ಮಿನಿಯಾ ರೂಢಿಯಂತೆ ಬೆಳಿಗ್ಗೆಯೇ ಎದ್ದು, ಕಾಗದಪತ್ರ ಜೋಡಿಸಿಕೊಂಡು ಆರೋಗ್ಯ ತಪಾಸಣೆಯ ಸಾಲಿನಲ್ಲಿ ನಿಂತಳು. ಹತ್ತು ನಿಮಿಷವಾದ ಮೇಲೆ, ತನಗಿದು ಬೇಕಿಲ್ಲವೆಂದು ನೆನಪಾಯಿತು. ಎದುರಿಗೇ ತಂತ್ರಜ್ಞ ರೋಹೆಲಿಯೊ ಆ ಮೊದಲಿನ ಯಂತ್ರವನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ನಿಂತಿದ್ದ.

“ಎಕ್ಸ್-ರೇ ಆಯ್ತಾ?”

“ಆಯ್ತಕ್ಕಾ. ಶ್ವಾಸಕೋಶದಲ್ಲಿ ಏನೂ ಇಲ್ಲ ಅಂದ್ರು. ಈ ಡಬ್ಬಿಗೆ ಏನ್ ಹಾಕೋದು ಅಂತಲೇ ಗೊತ್ತಾಗ್ತಿಲ್ಲ.”

ಹರ್ಮಿನಿಯಾ ಚೀಲದಲ್ಲಿ ಹುಡುಕಿ, ಎಲ್ಲರೂ ಅಪ್ಪಿಕೊಳ್ಳುವ, ಯಂತ್ರವೇ ಬರೆದ ಆ ಎರಡನೆಯ ಕಂತಿನ ಕೊನೆಯ ಹಾಳೆ ತೆಗೆದು, ಮಡಚಿ ಡಬ್ಬಿಗೆ ತುರುಕಿದಳು. ಒಳಗಿನವರು ಪರೀಕ್ಷಿಸಿ ‘ಹುಳು ಇಲ್ಲ, ಕೆಲಸಕ್ಕೆ ಯೋಗ್ಯ’ ಎಂದು ಮೊಹರು ಒತ್ತಿದರು. ಇನ್ನು ಪೊಲೀಸರ ಪತ್ರದ ಸಾಲು ಉಳಿದಿತ್ತು. ಅದು ಬೀದಿ ತಿರುಗಿ ಸೇತುವೆಯವರೆಗೆ ಹೋಗಿತ್ತು. ಹರ್ಮಿನಿಯಾ ಯಾಕೋ ಬಿಟ್ಟುಹೋಗಲು ಮನಸ್ಸಾಗದೆ ಅವರ ಜೊತೆಗೇ ನಿಂತಳು.

“ಇನ್ನೆಷ್ಟು ಸಲ ಹೀಗೆ ನಿಲ್ಲಬೇಕು?” ಎಂದು ಯಂತ್ರ ಕೇಳಿತು.

“ಇದು ಮೊದಲ್ನೇದು ಕಂದಾ. ಇನ್ನು ಅರವತ್ತೆರಡು ಸಲ ನಿಲ್ಲು. ಆಮೇಲೆ ಕಥೆ ಬರೆಯೋಕೆ ತಾನಾಗೇ ಬರುತ್ತೆ.”

ಯಂತ್ರ ಆಗಲಿ ಎಂದಿತು. ಸಾಲು ಒಂದು ಹೆಜ್ಜೆ ಮುಂದಕ್ಕೆ ಸರಿಯಿತು.